ಅದೇ ಮದ್ದು, ಅದೇ ಪ್ರಮಾಣ, ಬೇರೆ ನಾಡಿ: ಲಗ್ಗೆರೆಯ ಒಂದು ಪ್ರಕರಣ

ಡಿಸೆಂಬರ್ ತಿಂಗಳ ಒಂದು ರಾತ್ರಿ ಹನ್ನೊಂದರ ಸುಮಾರಿಗೆ, ಬೆಂಗಳೂರಿನ ಪಶ್ಚಿಮ ಭಾಗದ ಒಂದು ನರ್ಸಿಂಗ್ ಹೋಮಿಗೆ 46 ವರ್ಷದ ಮಹಿಳೆಯೊಬ್ಬರನ್ನು ಅವರ ಮಗಳು ಆಟೋದಲ್ಲಿ ಕರೆತಂದಳು. ಊರು ಲಗ್ಗೆರೆ, ಕೆಲಸ ಪೀಣ್ಯದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್, ಹುಡುಗಿಯಾಗಿದ್ದಾಗಿನಿಂದಲೂ ಉಬ್ಬಸ. ಚಳಿ ಶುರುವಾದರೆ ಒಮ್ಮೆ, ಮಳೆ ಬಿದ್ದು ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಹೂಬಿಟ್ಟರೆ ಇನ್ನೊಮ್ಮೆ ಉಸಿರು ಕಟ್ಟುವುದು ಅವರಿಗೆ ಹೊಸದೇನಲ್ಲ. ಹಾಗಾಗಿ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರು ಗಾಬರಿಯಾಗದೆ ಕ್ರಮದಂತೆ ಆಮ್ಲಜನಕ ಕೊಟ್ಟು, ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿ, ಶ್ವಾಸನಾಳ ತೆರೆಯುವ ಸಾಲ್ಬುಟಮಾಲನ್ನು ಇಪ್ಪತ್ತು ನಿಮಿಷಕ್ಕೊಮ್ಮೆ 2.5 ಮಿಲಿಗ್ರಾಂನಂತೆ ನೆಬುಲೈಸರ್ ಮೂಲಕ ಮೂರು ಬಾರಿ ಕೊಟ್ಟರು.

ಉಬ್ಬಸ ಇಳಿಯಿತು. ಆದರೆ ನಾಡಿ ಏರಿತು. ಬಂದಾಗ ನಿಮಿಷಕ್ಕೆ 112 ಇದ್ದದ್ದು ಮೊದಲ ನೆಬುಲೈಸರ್ ಮುಗಿದಾಗ 131 ಆಗಿ, ಮೂರನೆಯದು ಮುಗಿಯುವ ಹೊತ್ತಿಗೆ 152 ತಲುಪಿತ್ತು. ಕೈ ನಡುಗುತ್ತಿತ್ತು, ಎದೆ ಹಿಡಿದಂತಾಗುತ್ತಿತ್ತು. ರಕ್ತದೊತ್ತಡದ ಮೇಲಿನ ಅಂಕಿ 138ರಿಂದ 146ಕ್ಕೆ ಅಲ್ಪವಾಗಿ ಏರಿ, ಕೆಳಗಿನ ಅಂಕಿ 84ರಿಂದ 58ಕ್ಕೆ ಇಳಿದಿತ್ತು. ಇ.ಸಿ.ಜಿ.ಯಲ್ಲಿ ಎದೆಯ ಎಡಭಾಗದ ಲೀಡುಗಳಲ್ಲಿ ಎಸ್‌ಟಿ ಭಾಗ ಒಂದು ಮಿಲಿಮೀಟರಿನಷ್ಟು ಕುಸಿದಿತ್ತು (ಹೃದಯದ ಸ್ನಾಯುವಿಗೆ ರಕ್ತ ಸಾಲದಿರುವುದರ ಸೂಚನೆಯಾಗಿರಬಹುದು), ನಡುನಡುವೆ ಹೃತ್ಕುಕ್ಷಿಯಿಂದ ಹೊರಟ ಹೆಚ್ಚುವರಿ ಬಡಿತಗಳೂ ಇದ್ದವು. ಆ ಹೊತ್ತಿಗೆ ನನ್ನನ್ನು ಕರೆದರು.

ನಾನು ಹೋದಾಗ ಆ ತಾಯಿ ಉಸಿರಿನ ಬಗ್ಗೆ ಏನೂ ಹೇಳಲಿಲ್ಲ. "ಡಾಕ್ಟ್ರೇ, ಈ ಗಾಳಿ ಎಷ್ಟೋ ಸಲ ಹಿಡಿದಿದೀನಿ, ಯಾವತ್ತೂ ಹಿಂಗಾಗಿಲ್ಲ. ಎದೆ ಕಿತ್ಕೊಂಡು ಬರೋ ಹಾಗಾಗ್ತಿದೆ. ಬೇರೆ ಮದ್ದೇನಾದ್ರೂ ಹಾಕಿದ್ರಾ?" ಎಂದು ಕೇಳಿದರು. ಬೇರೆ ಮದ್ದು ಹಾಕಿರಲಿಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ಹೋದ ಕಥೆ. ರೋಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಎರಡು ಹಾಳೆಗಳು

ಮೊದಲು ಮಾಡಬೇಕಾದದ್ದು ಹೃದಯಾಘಾತ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು. ಹೃದಯದ ಸ್ನಾಯುವಿಗೆ ಪೆಟ್ಟಾಗಿದ್ದರೆ ರಕ್ತದಲ್ಲಿ ತೋರಿಸುವ ಟ್ರೊಪೊನಿನ್ ಪರೀಕ್ಷೆ ಆಗಲೂ ಮೂರು ಗಂಟೆಯ ನಂತರವೂ ನೆಗೆಟಿವ್ ಬಂತು. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡಿನಲ್ಲಿ, ಗೋಡೆಗಳೆಲ್ಲವೂ ಸಮನಾಗಿ ಕುಗ್ಗುತ್ತಿದ್ದವು. ಎಕೋ ಮಾಡಿಸಲು ಇನ್ನೊಂದು ಕಾರಣವೂ ಇತ್ತು: ತೀವ್ರ ಮಾನಸಿಕ ಆಘಾತದಿಂದಲೋ ಅಡ್ರಿನಲಿನ್ ಬಗೆಯ ಔಷಧಗಳಿಂದಲೋ ಹೃದಯದ ತುದಿಭಾಗ ತಾತ್ಕಾಲಿಕವಾಗಿ ಬಲೂನಿನಂತೆ ಉಬ್ಬಿಕೊಳ್ಳುವ ಟಾಕೊತ್ಸುಬೊ ಎಂಬ ಸ್ಥಿತಿಯಿದೆ. 1990ರಲ್ಲಿ ಜಪಾನಿನ ವೈದ್ಯರು ಅದಕ್ಕೆ ತಮ್ಮ ಮೀನುಗಾರರು ಆಕ್ಟೋಪಸ್ ಹಿಡಿಯಲು ಬಳಸುವ ಮಡಕೆಯ ಹೆಸರನ್ನಿಟ್ಟರು. ಇಲ್ಲಿ ಅದೂ ಇರಲಿಲ್ಲ. ಸಿಕ್ಕಿದ್ದು ಪೊಟ್ಯಾಸಿಯಂ ಕೊರತೆ, ಲೀಟರಿಗೆ 2.9 ಮಿಲಿಮೋಲ್. ಸಾಲ್ಬುಟಮಾಲ್ ರಕ್ತದಲ್ಲಿರುವ ಪೊಟ್ಯಾಸಿಯಮನ್ನು ಸ್ನಾಯುಗಳೊಳಕ್ಕೆ ತಳ್ಳುತ್ತದೆ. ಪೊಟ್ಯಾಸಿಯಂ ಮಿತಿಮೀರಿದ ಮೂತ್ರಪಿಂಡದ ರೋಗಿಗಳಿಗೆ ನಾವು ಇದೇ ಗುಣವನ್ನು ಚಿಕಿತ್ಸೆಯಾಗಿ ಬಳಸುತ್ತೇವೆ. ಆದ್ದರಿಂದ ಕೊರತೆ ಕಂಡದ್ದು ಆಶ್ಚರ್ಯವಲ್ಲ, ಅಷ್ಟು ಇಳಿದದ್ದು ಆಶ್ಚರ್ಯ.

ಸಾಲ್ಬುಟಮಾಲ್ ನಿಲ್ಲಿಸಿ, ಬೇರೊಂದು ದಾರಿಯಿಂದ ಶ್ವಾಸನಾಳ ತೆರೆಯುವ ಇಪ್ರಟ್ರೋಪಿಯಂ ನೆಬುಲೈಸರ್ ಹಾಕಿದೆವು, ಪೊಟ್ಯಾಸಿಯಂ ತುಂಬಿದೆವು, ಇಪ್ಪತ್ತು ನಿಮಿಷದಲ್ಲಿ 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟೆವು. ಎದೆಬಡಿತ ಇಳಿಸಲು ಎಲ್ಲರ ಕೈಗೂ ಮೊದಲು ಸಿಗುವ ಪ್ರೊಪ್ರನಲಾಲನ್ನು ಇಲ್ಲಿ ಮುಟ್ಟುವಂತಿರಲಿಲ್ಲ. ಉಬ್ಬಸದವರಿಗೆ ಅದು ಶ್ವಾಸನಾಳವನ್ನು ಬಿಗಿಸಿಬಿಡುತ್ತದೆ. ಬೆಳಗಿನ ಐದಕ್ಕೆ ನಾಡಿ 96ಕ್ಕೆ ಬಂತು, ಎಸ್‌ಟಿ ಭಾಗ ಸರಿಯಾಯಿತು. ಚಿಕಿತ್ಸೆಯ ಮಟ್ಟಿಗೆ ಕಥೆ ಅಲ್ಲಿಗೇ ಮುಗಿದಿತ್ತು.

ಮುಗಿಯದೆ ಉಳಿದದ್ದು ಹಳೆಯ ಫೈಲಿನಿಂದಾಗಿ. ಹತ್ತೊಂಬತ್ತು ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಅವರು ಇದೇ ಕಾರಣಕ್ಕೆ ಇದೇ ಹಾಸಿಗೆಗಳ ಸಾಲಿನಲ್ಲಿ ಮಲಗಿದ್ದರು. ದಾದಿಯರು ಹದಿನೈದು ನಿಮಿಷಕ್ಕೊಮ್ಮೆ ತುಂಬಿದ್ದ ಹಾಳೆ ಸಿಕ್ಕಿತು. ಬಂದಾಗ ನಾಡಿ 108, ಉಸಿರು ನಿಮಿಷಕ್ಕೆ 28, ಆಮ್ಲಜನಕ 92. ಡಿಸೆಂಬರಿನಲ್ಲಿ 112, 28, 91. ತೂಕದಲ್ಲಿ ಮೂರು ಕಿಲೋ ವ್ಯತ್ಯಾಸ. ಆಗಲೂ ಸಾಲ್ಬುಟಮಾಲ್ 2.5 ಮಿಲಿಗ್ರಾಂ ಮೂರು ಬಾರಿ, ಅದೇ ಅಂತರದಲ್ಲಿ. ಆಗಲೂ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ. ಮೂರನೆಯ ನೆಬುಲೈಸರ್ ನಂತರ ನಾಡಿ 116. ಪೊಟ್ಯಾಸಿಯಂ 3.6. ಒಬ್ಬರೇ ವ್ಯಕ್ತಿ ಒಂದೇ ಬಗೆಯ ಕಾಯಿಲೆಯ ಒಂದೇ ಹಂತದಲ್ಲಿ ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ಪಡೆದ ಎರಡು ದಾಖಲೆಗಳು ಅಕ್ಕಪಕ್ಕದಲ್ಲಿ ಸಿಗುವುದು ನಮ್ಮ ವೃತ್ತಿಯಲ್ಲಿ ಅಪರೂಪ. ಹೆಚ್ಚಿನ ಸಲ ಹಳೆಯ ಫೈಲು ಎಲ್ಲೋ ಗೋಣಿಚೀಲದಲ್ಲಿರುತ್ತದೆ.

ನಡುವೆ ಏನಾಯಿತು

ಎರಡು ದಿನ ಬಿಟ್ಟು, ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ, ಆ ಹತ್ತೊಂಬತ್ತು ತಿಂಗಳ ಲೆಕ್ಕ ಕೇಳಿದೆ. ಹದಿನಾಲ್ಕು ತಿಂಗಳ ಹಿಂದೆ ಅವರ ಅತ್ತೆಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಬೆನ್ನು ಹುಣ್ಣಾಗದಿರಲೆಂದು ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವ ಕೆಲಸ ಇವರದೇ. ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಗಂಟೆಗಿಷ್ಟು ಪೀಸು ಎಂಬ ಗುರಿ. ಅದು ತಪ್ಪಿದರೆ ಮೇಲಿನವರ ಬೈಗುಳ ಮೊದಲು ಬೀಳುವುದು ಸೂಪರ್‌ವೈಸರ್ ಮೇಲೆ, ಆಮೇಲೆ ಅವರ ಮೂಲಕ ಲೈನಿನ ಹೆಣ್ಣುಮಕ್ಕಳ ಮೇಲೆ. "ಬೈಸ್ಕೊಳ್ಳೋದಕ್ಕಿಂತ ಬೈಯೋದೇ ಕಷ್ಟ ಡಾಕ್ಟ್ರೇ" ಎಂದರು. ಮಗಳ ದ್ವಿತೀಯ ಪಿಯುಸಿ ಬೇರೆ ಆ ವರ್ಷವೇ ಇತ್ತು.

ಈ ವಿವರಗಳನ್ನು ಕರುಣೆಗಾಗಿ ಬರೆಯುತ್ತಿಲ್ಲ. ಒತ್ತಡ ಎಂಬ ಪದವನ್ನು ನಾವು ಎಲ್ಲದಕ್ಕೂ ಬಳಸಿ ಸವೆಸಿದ್ದೇವೆ. ಶರೀರಶಾಸ್ತ್ರದಲ್ಲಿ ಅದರ ಬಗೆ ಮುಖ್ಯವಾಗುತ್ತದೆ. ಒಮ್ಮೆ ಬಂದು ಹೋಗುವ ಭಯಕ್ಕೂ, ತನ್ನ ಹಿಡಿತದಲ್ಲಿಲ್ಲದ ಸಣ್ಣ ಹೊಡೆತ ದಿನವೂ ಮರಳಿ ಬೀಳುವುದಕ್ಕೂ ದೇಹ ಕೊಡುವ ಉತ್ತರ ಒಂದೇ ಅಲ್ಲ. ಈ ಮಹಿಳೆಯದು ಎರಡನೆಯ ಬಗೆ, ಅದೂ ಹಗಲೊಂದು ಪಾಳಿ, ರಾತ್ರಿಯೊಂದು ಪಾಳಿ.

ಆದರೂ ಒತ್ತಡವೇ ಕಾರಣ ಎಂದು ಆತುರದಿಂದ ಬರೆದುಬಿಡುವುದು ಸೋಮಾರಿತನ. ಹಾಗಾಗಿ ಉಳಿದ ಆರೋಪಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆವು. ಥೈರಾಯ್ಡ್ ಸರಿಯಿತ್ತು. ಥಿಯೊಫಿಲಿನ್ ಇರುವ ಉಬ್ಬಸದ ಡೆರಿಫಿಲಿನ್ ಮಾತ್ರೆಯನ್ನು ಅವರು ಬಿಟ್ಟು ವರ್ಷಗಳಾಗಿದ್ದವು; ಅದನ್ನು ತಪ್ಪದೆ ಕೇಳಿದ್ದೇಕೆಂದರೆ ಅದರ ಜೊತೆ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಥಿಯೊಫಿಲಿನ್ ರಕ್ತದಲ್ಲಿ ಉಳಿದು ಇದೇ ರೀತಿ ನಾಡಿ ಓಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಕೊಂಡ ನೆಗಡಿ ಮಾತ್ರೆಯೊಂದು ಕೈಚೀಲದಲ್ಲಿ ಸಿಕ್ಕಿತು, ಅದರಲ್ಲಿ ಫಿನೈಲ್‌ಎಫ್ರಿನ್ ಇತ್ತು, ಆದರೆ ಕೊನೆಯದಾಗಿ ನುಂಗಿದ್ದು ಎರಡು ದಿನದ ಹಿಂದೆ; ಅದರ ಪ್ರಭಾವ ಗಂಟೆಗಳಲ್ಲಿ ಮುಗಿಯುತ್ತದೆ. ಫಿಲ್ಟರ್ ಕಾಫಿ ಮಾತ್ರ ದಿನಕ್ಕೆ ಎರಡು ಲೋಟದಿಂದ ಐದಕ್ಕೆ ಏರಿತ್ತು. ಹಿಮೋಗ್ಲೋಬಿನ್ 11.4ರಿಂದ 9.6ಕ್ಕೆ ಇಳಿದಿತ್ತು, ಮುಟ್ಟಿನ ರಕ್ತಸ್ರಾವ ಹೆಚ್ಚಾಗಿದ್ದುದರಿಂದ. ಇವೆರಡನ್ನೂ ಖುಲಾಸೆ ಮಾಡುವಂತಿರಲಿಲ್ಲ.

ಎಲ್ಲಕ್ಕಿಂತ ತೊಡಕಿನದು ನೀಲಿ ಪಂಪು. ತಡೆಗಟ್ಟುವ ಸ್ಟೀರಾಯ್ಡ್ ಇನ್‌ಹೇಲರನ್ನು ಅವರು ಖರ್ಚೆಂದು ಬಿಟ್ಟು, ತಕ್ಷಣ ಆರಾಮ ಕೊಡುವ ಸಾಲ್ಬುಟಮಾಲ್ ಪಂಪನ್ನೇ ದಿನಕ್ಕೆ ಆರೆಂಟು ಸಲ ಒತ್ತಿಕೊಳ್ಳುತ್ತಿದ್ದರು. ಆ ಸಂಜೆ ಹನ್ನೆರಡು ಸಲ, ಅಂದರೆ 1,200 ಮೈಕ್ರೊಗ್ರಾಂ. ನೆಬುಲೈಸರಿನ 7.5 ಮಿಲಿಗ್ರಾಮಿನ ಮುಂದೆ ಇದು ಅಲ್ಪವೆಂದು ತೋರುತ್ತದೆ. ಆದರೆ ನೆಬುಲೈಸರಿನ ಮದ್ದಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲಷ್ಟೇ ಶ್ವಾಸಕೋಶ ಸೇರುತ್ತದೆ, ಪಂಪಿನದೂ ಸರಿಯಾಗಿ ಎಳೆದುಕೊಂಡರೆ ಅಷ್ಟೋ ಅದಕ್ಕಿಂತ ಹೆಚ್ಚೋ ಸೇರುತ್ತದೆ. ಆದ್ದರಿಂದ ಆ ಸಂಜೆಯ ಪಂಪಿಗೂ ಒಂದು ಪಾಲು ಕೊಡಬೇಕು. ಹಾಗಿದ್ದೂ, ಅಷ್ಟನ್ನು ಒತ್ತಿಕೊಂಡು ಬಂದ ಮೇಲೂ ಬಾಗಿಲಲ್ಲಿ ನಾಡಿ ಮೇ ತಿಂಗಳಿಗಿಂತ ನಾಲ್ಕೇ ಹೆಚ್ಚಿತ್ತು. ಭಯವೇ, ದೇಹದ ಸ್ವಂತ ಅಡ್ರಿನಲಿನ್ನೇ ಮುಖ್ಯ ಕಾರಣವಾಗಿದ್ದರೆ ವ್ಯತ್ಯಾಸ ಬಾಗಿಲಲ್ಲೇ ಕಾಣಬೇಕಿತ್ತು. ಅದು ಕಂಡದ್ದು ಮದ್ದು ಒಳಹೋದ ಮೇಲೆ.

ಇನ್ನೊಂದು ಮಾತು. ಸಾಲ್ಬುಟಮಾಲನ್ನು ದಿನವೂ ಬಳಸುವವರಲ್ಲಿ ದೇಹ ಅದಕ್ಕೆ ಒಗ್ಗಿಕೊಂಡು ನಾಡಿಯ ಏರಿಕೆ ಕಡಿಮೆಯಾಗಬೇಕು. ಪಠ್ಯಪುಸ್ತಕದ ಪ್ರಕಾರ ಈ ಮಹಿಳೆಯ ಹೃದಯ ಮೇ ತಿಂಗಳಿಗಿಂತ ಮೊಂಡಾಗಿರಬೇಕಿತ್ತು. ಅದು ಚುರುಕಾಗಿತ್ತು. ನನ್ನ ಕುತೂಹಲ ಕೆರಳಿದ್ದು ಇಲ್ಲಿ.

ಹೃದಯದ ಮೇಲಿನ ಎರಡು ಬಗೆಯ ಗ್ರಾಹಿಗಳು

ಅಡ್ರಿನಲಿನ್ ಜೀವಕೋಶದ ಒಳಗೆ ಹೋಗಿ ಕೆಲಸ ಮಾಡುವುದಿಲ್ಲ, ಕೋಶದ ಮೇಲ್ಮೈಯಲ್ಲಿರುವ ರಿಸೆಪ್ಟರುಗಳಿಗೆ ಅಂಟಿಕೊಂಡು ಒಳಕ್ಕೆ ಸಂದೇಶ ಕಳಿಸುತ್ತದೆ. ಇವನ್ನು ಗ್ರಾಹಕ ಎಂದು ಅನುವಾದಿಸುವ ರೂಢಿಯಿದೆ. ಬ್ಯಾಂಕಿನ ಸಾಲು ನೆನಪಾಗುವುದರಿಂದ ನಾನು ಗ್ರಾಹಿ ಎನ್ನುತ್ತೇನೆ. ಇವುಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಗುಂಪುಗಳಿವೆ ಎಂದು 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಪ್ರತಿಪಾದಿಸಿದರು. 1967ರಲ್ಲಿ ಬೀಟಾ ಗುಂಪೇ ಎರಡಾಗಿ ಒಡೆಯಿತು: ಹೃದಯದಲ್ಲಿ ಮೇಲುಗೈ ಪಡೆದ ಬೀಟಾ-1, ಶ್ವಾಸನಾಳ ಮತ್ತು ರಕ್ತನಾಳಗಳಲ್ಲಿ ಮೇಲುಗೈ ಪಡೆದ ಬೀಟಾ-2. ಸಾಲ್ಬುಟಮಾಲ್ ಈ ಎರಡನೆಯದನ್ನೇ ಆರಿಸಿ ತಟ್ಟುವಂತೆ ರೂಪಿಸಿದ ಔಷಧ. ಶ್ವಾಸನಾಳ ತೆರೆಯಲಿ, ಹೃದಯ ತನ್ನ ಪಾಡಿಗಿರಲಿ ಎಂಬ ಲೆಕ್ಕಾಚಾರ.

ಲೆಕ್ಕಾಚಾರ ಪೂರ್ತಿ ಸರಿಯಲ್ಲ, ಏಕೆಂದರೆ ಮನುಷ್ಯರ ಹೃದಯದಲ್ಲೂ ಬೀಟಾ-2 ಇದೆ. ಹೃತ್ಕುಕ್ಷಿಯಲ್ಲಿ ಬೀಟಾ ಗ್ರಾಹಿಗಳ ಸುಮಾರು ಐದನೇ ಒಂದು ಭಾಗ ಅದರದು, ಹೃತ್ಕರ್ಣದಲ್ಲಿ ಇನ್ನಷ್ಟು ಹೆಚ್ಚು. ಬಡಿತದ ಲಯ ಹುಟ್ಟುವ ಸೈನಸ್ ಗಂಟಿನಲ್ಲಂತೂ ಅದರ ಸಾಂದ್ರತೆ ಸುತ್ತಲಿನ ಕರ್ಣದ ಸ್ನಾಯುವಿಗಿಂತ ಹೆಚ್ಚು. ಮೇಲಾಗಿ ಈ ಪ್ರಮಾಣ ಕಲ್ಲಿನಲ್ಲಿ ಕೊರೆದದ್ದಲ್ಲ. ಗ್ರಾಹಿಯನ್ನು ಬಿಡುವಿಲ್ಲದೆ ತಟ್ಟುತ್ತಿದ್ದರೆ ಕೋಶದೊಳಗಿನ ಕಿಣ್ವವೊಂದು ಅದಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಅರೆಸ್ಟಿನ್ ಎಂಬ ಪ್ರೋಟೀನು ಬಂದು ಕೂತು ಸಂದೇಶವನ್ನು ತಡೆಯುತ್ತದೆ, ಆಮೇಲೆ ಗ್ರಾಹಿಯನ್ನೇ ಒಳಕ್ಕೆ ಎಳೆದುಕೊಳ್ಳಲಾಗುತ್ತದೆ. ಈ ಗ್ರಾಹಿಗಳ ಕೆಲಸವನ್ನು ಬಿಡಿಸಿ ತೋರಿಸಿದ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯನ್ ಕೊಬಿಲ್ಕ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಬಂತು. ಹೃದಯ ಸೋತವರಲ್ಲಿ (ಹಾರ್ಟ್ ಫೇಲ್ಯೂರ್) ಇದರ ದೊಡ್ಡ ಉದಾಹರಣೆ ಕಾಣುತ್ತದೆ. ವರ್ಷಗಟ್ಟಲೆ ನರಗಳಿಂದ ಸುರಿಯುವ ನಾರ್‌ಅಡ್ರಿನಲಿನ್ ತಾಳಲಾರದೆ ಬೀಟಾ-1 ಗ್ರಾಹಿಗಳು ಕಡಿಮೆಯಾಗುತ್ತವೆ, ಬೀಟಾ-2 ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. 80ಕ್ಕೆ 20 ಇದ್ದ ಅನುಪಾತ 60ಕ್ಕೆ 40ರ ಹತ್ತಿರ ಬರುತ್ತದೆ. ಸೋತ ಹೃದಯ ಇಂಥ ಔಷಧಗಳಿಗೆ ಓಗೊಡುವುದು ಕಡಿಮೆ ಎಂದು ಬ್ರಿಸ್ಟೊ ಮತ್ತು ಸಂಗಡಿಗರು 1982ರಲ್ಲೇ ತೋರಿಸಿದ್ದರು.

ನಮ್ಮ ರೋಗಿಯ ಹೃದಯ ಸೋತಿರಲಿಲ್ಲ. ಅವರ ಪರಿಸ್ಥಿತಿಗೆ ಹತ್ತಿರ ಬರುವುದು ಬ್ರೆಜಿಲಿನ ಪ್ರಯೋಗಾಲಯಗಳಲ್ಲಿ ಇಲಿಗಳ ಮೇಲೆ ನಡೆದ ಕೆಲಸ. ಇಲಿಗಳ ಪಾದಕ್ಕೆ ಸಣ್ಣ ವಿದ್ಯುತ್ ಆಘಾತವನ್ನು ಒಂದೇ ದಿನವಲ್ಲ, ದಿನದ ಮೇಲೆ ದಿನ ಕೊಟ್ಟು, ಬಳಿಕ ಅವುಗಳ ಬಲ ಹೃತ್ಕರ್ಣವನ್ನು ಹೊರತೆಗೆದು ಪೋಷಕ ದ್ರಾವಣದಲ್ಲಿ ತಾನೇ ಬಡಿಯುವಂತೆ ತೂಗುಹಾಕಿ ಔಷಧ ಹನಿಸುತ್ತಾ ಹೋದರು. ಫಲಿತಾಂಶ ಮೊದಲ ನೋಟಕ್ಕೆ ತನ್ನನ್ನೇ ಅಲ್ಲಗಳೆಯುವಂತಿತ್ತು: ಒತ್ತಡ ಉಂಡ ಕರ್ಣ ನಾರ್‌ಅಡ್ರಿನಲಿನ್‌ಗೆ ಮೊಂಡಾಗಿತ್ತು, ಐಸೊಪ್ರೆನಲಿನ್ ಎಂಬ ಕೃತಕ ಔಷಧಕ್ಕೆ ಚುರುಕಾಗಿತ್ತು. ಎರಡೂ ಒಂದೇ ಕುಲದ ರಾಸಾಯನಿಕಗಳು. ಬಿಡಿಸಿ ನೋಡಿದರೆ ವಿರೋಧವಿಲ್ಲ. ನಾರ್‌ಅಡ್ರಿನಲಿನ್ ಹೃದಯದಲ್ಲಿ ಬಹುತೇಕ ಬೀಟಾ-1ರ ಮೂಲಕವೇ ಮಾತಾಡುತ್ತದೆ, ಬೀಟಾ-2ನ್ನು ಕಂಡರೂ ಕಾಣದಂತಿರುತ್ತದೆ; ಐಸೊಪ್ರೆನಲಿನ್ ಎರಡನ್ನೂ ಸಮನಾಗಿ ತಟ್ಟುತ್ತದೆ. ಬೀಟಾ-1ರ ಪಾಲು ಕುಗ್ಗಿ ಬೀಟಾ-2ರ ಪಾಲು ಹಿಗ್ಗಿದರೆ ಮೊದಲನೆಯದರ ದನಿ ತಗ್ಗುತ್ತದೆ, ಎರಡನೆಯದರ ದನಿ ಏರುತ್ತದೆ. ಬೀಟಾ-2ನ್ನು ಮಾತ್ರ ಮುಚ್ಚುವ ಔಷಧ ಹಾಕಿದಾಗ ಆ ಹೆಚ್ಚಿನ ಚುರುಕು ಇಳಿದದ್ದು ಈ ವಿವರಣೆಯನ್ನು ಗಟ್ಟಿಗೊಳಿಸಿತು.

ಒತ್ತಡ ಹೃದಯವನ್ನು ಸೂಕ್ಷ್ಮಗೊಳಿಸುತ್ತದೆ ಎಂದು ಒಬ್ಬರು, ಒಗ್ಗಿಸುತ್ತದೆ ಎಂದು ಇನ್ನೊಬ್ಬರು ವಾದಿಸುವುದನ್ನು ಕೇಳಿದ್ದೇನೆ. ಪ್ರಶ್ನೆಯನ್ನೇ ತಪ್ಪಾಗಿ ಕೇಳಲಾಗಿದೆ ಎಂಬುದು ನನ್ನ ಅಭಿಪ್ರಾಯ. ಯಾವ ಔಷಧಕ್ಕೆ ಎಂದು ಹೇಳದೆ ಎರಡು ಮಾತಿಗೂ ಅರ್ಥವಿಲ್ಲ. ಸಾಲ್ಬುಟಮಾಲ್ ಬೀಟಾ-2ರ ಔಷಧ. ಬೀಟಾ-2ರ ಪಾಲು ಹೆಚ್ಚಿದ ಹೃದಯಕ್ಕೆ ಅದು ಇನ್ನು ಕೇವಲ ಶ್ವಾಸನಾಳದ ಮದ್ದಾಗಿ ಉಳಿಯುವುದಿಲ್ಲ.

ಪಾಲು ಹೆಚ್ಚುವುದು ಹೇಗೆ ಎಂದು ಕೇಳಿದರೆ, ಒತ್ತಡದಲ್ಲಿ ಏರುವ ಹಾರ್ಮೋನಾದ ಕಾರ್ಟಿಸಾಲ್ ಕಡೆ ಬೆರಳು ಹೋಗುತ್ತದೆ. ಇಲಿಗಳಲ್ಲಿ ಅದರ ಜಾಗದಲ್ಲಿರುವುದು ಕಾರ್ಟಿಕೋಸ್ಟೆರಾನ್. ಈ ಹಾರ್ಮೋನುಗಳು ಬೀಟಾ-2ರ ಜೀನ್ ಹೆಚ್ಚು ಕೆಲಸ ಮಾಡುವಂತೆ ಪ್ರಚೋದಿಸುತ್ತವೆ. ಉಬ್ಬಸದ ವೈದ್ಯರಿಗೆ ಇದು ಹಳೆಯ ಸ್ನೇಹಿತ. ಸಾಲ್ಬುಟಮಾಲ್‌ಗೆ ಒಗ್ಗಿಹೋದ ಶ್ವಾಸನಾಳ ಮತ್ತೆ ಅದಕ್ಕೆ ಓಗೊಡಲು ಸ್ಟೀರಾಯ್ಡ್ ಸಹಾಯ ಮಾಡುವ ಒಂದು ದಾರಿ ಇದೇ. ಕಾರ್ಟಿಕೋಸ್ಟೆರಾನಿಗೆ ಇನ್ನೊಂದು ಗುಣವೂ ಇದೆ: ನರದ ಹೊರಗಿನ ಜೀವಕೋಶಗಳು ಐಸೊಪ್ರೆನಲಿನ್ನಿನಂಥವನ್ನು ಹೀರಿ ತೆರವುಗೊಳಿಸುವುದನ್ನು ಅದು ತಡೆಯುತ್ತದೆ, ಆಗ ಗ್ರಾಹಿಗಳು ಬದಲಾಗದಿದ್ದರೂ ಔಷಧ ಹೆಚ್ಚು ಹೊತ್ತು ಉಳಿದು ಹೃದಯ ಚುರುಕಾದಂತೆ ಕಾಣಬಹುದು. ಇಂಥ ಪ್ರಯೋಗಗಳಲ್ಲಿ ಹೀರುವಿಕೆಯನ್ನು ಮೊದಲೇ ಮುಚ್ಚಿ ಅಳೆಯುವುದು ಅದಕ್ಕಾಗಿಯೇ.

ಇಲಿಯಿಂದ ಲಗ್ಗೆರೆಗೆ ನೇರ ಬಸ್ಸಿಲ್ಲ ಎಂಬುದು ನನಗೂ ಗೊತ್ತು. ಅಲ್ಜೈಮರ್ಸ್ ರೋಗಿಗಳನ್ನು ಮನೆಯಲ್ಲೇ ವರ್ಷಗಟ್ಟಲೆ ನೋಡಿಕೊಳ್ಳುವ ಸಂಗಾತಿಗಳ, ಅಂದರೆ ಹೆಚ್ಚುಕಡಿಮೆ ನಮ್ಮ ರೋಗಿಯದೇ ಸ್ಥಿತಿಯಲ್ಲಿರುವವರ, ಬಿಳಿ ರಕ್ತಕಣಗಳನ್ನು ಪರೀಕ್ಷಿಸಿದಾಗ ಅವುಗಳ ಬೀಟಾ-2 ಗ್ರಾಹಿಗಳು ತಗ್ಗಿದ್ದೇ ವರದಿಯಾಗಿದೆ, ಹೆಚ್ಚಿದ್ದಲ್ಲ. ಇದು ನನ್ನ ವಿವರಣೆಗೆ ನೇರ ಎದುರು. ನನ್ನ ಸಮಾಧಾನ ಇಷ್ಟು: ರಕ್ತಕಣ ಸದಾ ಹರಿಯುವ ಅಡ್ರಿನಲಿನ್ನಿನಲ್ಲೇ ಮುಳುಗಿರುತ್ತದೆ, ಅಡ್ರಿನಲಿನ್ ಬೀಟಾ-2ನ್ನು ಚೆನ್ನಾಗಿಯೇ ತಟ್ಟಿ ದಣಿಸುತ್ತದೆ, ಹೃದಯದ ಗಂಟಿಗೆ ಒತ್ತಡದ ಸುದ್ದಿ ಮುಖ್ಯವಾಗಿ ನರದ ತುದಿಯ ನಾರ್‌ಅಡ್ರಿನಲಿನ್ ಮೂಲಕ ಬರುತ್ತದೆ, ಆದ್ದರಿಂದ ದಣಿಯುವುದು ಬೀಟಾ-1. ರಕ್ತದ ಕಣ ನೋಡಿ ಹೃದಯದ ಭವಿಷ್ಯ ಹೇಳುವುದು ಅಪಾಯ.

ರಕ್ತದೊತ್ತಡದ ಕೆಳಗಿನ ಅಂಕಿಯನ್ನೂ ಮರೆಯುವಂತಿಲ್ಲ. 84ರಿಂದ 58. ಸಾಲ್ಬುಟಮಾಲ್ ಸ್ನಾಯುಗಳ ರಕ್ತನಾಳಗಳನ್ನು ಹಿಗ್ಗಿಸಿದಾಗ ಒತ್ತಡ ಜಾರುತ್ತದೆ, ಕುತ್ತಿಗೆಯ ಧಮನಿಗಳಲ್ಲಿರುವ ಒತ್ತಡಮಾಪಕ ನರತುದಿಗಳು ಅದನ್ನು ಗಮನಿಸಿ ವೇಗಸ್ ನರದ ಕಡಿವಾಣ ಸಡಿಲಿಸುತ್ತವೆ, ಹೃದಯ ಓಡುತ್ತದೆ. ಮೇ ತಿಂಗಳ ಹಾಳೆಯಲ್ಲಿ ಆ ಅಂಕಿ ಇಳಿದದ್ದು 80ರಿಂದ 74ಕ್ಕೆ ಮಾತ್ರ. ಅಂದರೆ ಚುರುಕಾದದ್ದು ಹೃದಯವೊಂದೇ ಆಗಿರಲಾರದು. ರಕ್ತನಾಳದಲ್ಲೂ, ಪೊಟ್ಯಾಸಿಯಮನ್ನು ಎಳೆದುಕೊಂಡ ಸ್ನಾಯುವಿನಲ್ಲೂ ಬೀಟಾ-2ರ ಉತ್ತರ ಜೋರಾಗಿತ್ತು. 36 ಬಡಿತಗಳ ವ್ಯತ್ಯಾಸದಲ್ಲಿ ಸೈನಸ್ ಗಂಟಿನ ಪಾಲೆಷ್ಟು, ಪ್ರತಿವರ್ತನೆಯ ಪಾಲೆಷ್ಟು, ರಕ್ತಹೀನತೆ ಮತ್ತು ಕಾಫಿಯ ಪಾಲೆಷ್ಟು ಎಂದು ಹಾಸಿಗೆಯ ಪಕ್ಕ ನಿಂತು ಪ್ರತ್ಯೇಕಿಸಲು ಬರುವುದಿಲ್ಲ. ಮೂರು ಬೇರೆ ಬೇರೆ ಅಂಗಗಳಲ್ಲಿ ಬೀಟಾ-2 ಒಂದೇ ದಿಕ್ಕಿಗೆ ವಾಲಿದೆ ಎನ್ನುವುದೇ ನನ್ನನ್ನು ಕಾಫಿಯ ಕಡೆಗಿಂತ ಹಾರ್ಮೋನಿನ ಕಡೆ ಎಳೆಯುತ್ತದೆ.

ಮುಂದಿನ ತಿಂಗಳುಗಳು

ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಫಾರ್ಮೊಟೆರಾಲ್ ಸೇರಿದ ಇನ್‌ಹೇಲರ್ ಶುರುಮಾಡಿದೆವು. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವ ಪದ್ಧತಿಯನ್ನು ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ 2019ರಲ್ಲೇ ಕೈಬಿಟ್ಟಿದೆ. ಫಾರ್ಮೊಟೆರಾಲ್ ಕೂಡ ಬೀಟಾ-2ರ ಔಷಧವೇ ಆದ್ದರಿಂದ ಮೊದಲ ಡೋಸನ್ನು ನಮ್ಮೆದುರೇ ತೆಗೆದುಕೊಳ್ಳಲು ಹೇಳಿ ಒಂದು ಗಂಟೆ ನಾಡಿ ನೋಡಿದೆವು, ಏರಿದ್ದು ಒಂಬತ್ತು. ಕಬ್ಬಿಣದ ಮಾತ್ರೆ ಕೊಟ್ಟೆವು, ಕಾಫಿ ಎರಡು ಲೋಟಕ್ಕೆ ಇಳಿಯಿತು. ಇದರ ನಡುವೆ ನಮ್ಮ ಯಾವ ಔಷಧವೂ ಮಾಡಲಾಗದ ಒಂದನ್ನು ಅವರ ಮೈದುನ ಮಾಡಿದರು: ತಾಯಿಯನ್ನು ಐದು ತಿಂಗಳ ಮಟ್ಟಿಗೆ ಮಾಗಡಿಯ ತಮ್ಮ ಮನೆಗೆ ಕರೆದುಕೊಂಡು ಹೋದರು. "ಮೊದಲನೇ ವಾರ ನಿದ್ದೆನೇ ಬರ್ಲಿಲ್ಲ, ಎರಡು ಗಂಟೆಗೊಂದ್ಸಲ ಎದ್ದು ಖಾಲಿ ಮಂಚ ನೋಡ್ತಿದ್ದೆ" ಎಂದು ಆಕೆ ನಗುತ್ತಾ ಹೇಳಿದ್ದು ನೆನಪಿದೆ.

ಏಳನೆಯ ತಿಂಗಳು, ಉಬ್ಬಸವಿಲ್ಲದ ಒಂದು ಬೆಳಿಗ್ಗೆ, ಹಿಮೋಗ್ಲೋಬಿನ್ 11.8 ಇದ್ದಾಗ, ಅವರ ಒಪ್ಪಿಗೆಯ ಮೇಲೆ ಇ.ಸಿ.ಜಿ. ಜೋಡಿಸಿ 2.5 ಮಿಲಿಗ್ರಾಂ ಸಾಲ್ಬುಟಮಾಲನ್ನು ಒಮ್ಮೆ ಮಾತ್ರ ಕೊಟ್ಟೆವು. ನಾಡಿ 74ರಿಂದ 83ಕ್ಕೆ ಏರಿತು, ಕೆಳಗಿನ ಒತ್ತಡ ನಾಲ್ಕು ಅಂಕ ಇಳಿಯಿತು. ಡಿಸೆಂಬರಿನ ರಾತ್ರಿ ಮೊದಲ ನೆಬುಲೈಸರಿಗೇ 19 ಏರಿತ್ತು. ಈ ಹೋಲಿಕೆ ನ್ಯಾಯವಾದದ್ದಲ್ಲ; ಅಂದು ಉಬ್ಬಸ ಇತ್ತು, ಇಂದು ಇಲ್ಲ, ರಕ್ತವೂ ಕಾಫಿಯೂ ಬದಲಾಗಿವೆ. ಆದರೂ ಹಾಳೆಯನ್ನು ಫೈಲಿಗೆ ಸೇರಿಸಿದ್ದೇನೆ. ಫೈಲಿನ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ, ತುರ್ತಾಗಿ ಬಂದರೆ ಇಪ್ರಟ್ರೋಪಿಯಂ ಮೊದಲಿನಿಂದಲೇ ಜೊತೆಗಿರಲಿ, ಪ್ರತಿ ಸಾಲ್ಬುಟಮಾಲ್ ನಂತರ ನಾಡಿ ಮತ್ತು ಒತ್ತಡ ನೋಡಿ, ಎರಡನೆಯದಕ್ಕೆ ಮುನ್ನ ಪೊಟ್ಯಾಸಿಯಂ ಕಳಿಸಿ ಎಂದು ಬರೆದಿದೆ. ಅದರ ಕೆಳಗೆ ಕಿರಿಯ ವೈದ್ಯರು ತಮ್ಮದೊಂದು ಸಾಲು ಸೇರಿಸಿದ್ದಾರೆ: ಮನೆಯಲ್ಲಿ ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿ.

ಕಳೆದ ವಾರ ಇನ್‌ಹೇಲರ್ ಚೀಟಿಗೆ ಬಂದಿದ್ದರು. ಅತ್ತೆ ಮಾಗಡಿಯಿಂದ ಲಗ್ಗೆರೆಗೆ ಮರಳಿ ಮೂರು ವಾರವಾಗಿದೆಯಂತೆ. ನಾಡಿ 88 ಇತ್ತು.